ಕಂತು ನಿಂತ ದಿನ ಕೈಯಲ್ಲಿ ಏನುಳಿಯುತ್ತದೆ?

ಮಾನ್ಯ ಸಂಪಾದಕರೇ,

ಮದುವೆ ಸೀಸನ್ ಮುಗಿದು ಆಷಾಢ ಬಂತೆಂದರೆ ಫೋಟೊ ಸ್ಟುಡಿಯೊಗಳಲ್ಲಿ ಒಂದೇ ಗೊಣಗಾಟ: ಕೆಲಸ ನಿಂತಿದೆ, ಫೋಟೊಶಾಪ್ ಕಂತು ಮಾತ್ರ ನಿಂತಿಲ್ಲ. ‘ಹಿಂದೆ ಒಂದು ಸಲ ದುಡ್ಡು ಕೊಟ್ಟು ಡಿವಿಡಿ ತಂದರೆ ಮುಗಿಯುತ್ತಿತ್ತು, ಈಗ ಜೀವಮಾನವಿಡೀ ಬಾಡಿಗೆ’ ಎನ್ನುವವರೇ ಹೆಚ್ಚು. (ಆ ಡಿವಿಡಿಗಳಲ್ಲಿ ಅಸಲಿ ಎಷ್ಟಿದ್ದವು ಎಂದು ಕೇಳದಿರುವುದೇ ವಾಸಿ.) ಬಾಡಿಗೆ ಎಲ್ಲರಿಗೂ ನಷ್ಟ, ಖರೀದಿ ಎಲ್ಲರಿಗೂ ಲಾಭ ಎಂದು ನಂಬಿ ತಂತ್ರಾಂಶ ಬದಲಿಸಲು ಹೊರಟವರು ಹಣಕ್ಕಿಂತ ಹೆಚ್ಚಾಗಿ ತಮ್ಮ ಹಳೆಯ ಕೆಲಸವನ್ನೇ ಕಳೆದುಕೊಳ್ಳುವ ಸಾಧ್ಯತೆ ಇರುವುದರಿಂದ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಕ್ಷಮಿಸಿ.

ಮೊದಲು ಲೆಕ್ಕ. ಒಂದೇ ಸಲದ ಬೆಲೆಗೆ ಸಿಕ್ಕ ಕೊನೆಯ ಆವೃತ್ತಿಯಾದ ಫೋಟೊಶಾಪ್ ಸಿಎಸ್6 ಬಂದದ್ದು 2012ರಲ್ಲಿ. ಅಮೆರಿಕದ ಬೆಲೆ 699 ಡಾಲರ್, ಹಿಂದಿನ ಆವೃತ್ತಿ ಇದ್ದವರಿಗೆ ಅಪ್‌ಗ್ರೇಡ್ 199 ಡಾಲರ್. 2013ರ ಮೇ ತಿಂಗಳಲ್ಲಿ ಅದನ್ನು ತಯಾರಿಸುವ ಅಡೋಬಿ ಕಂಪನಿ ‘ಇನ್ನು ಹೊಸ ಆವೃತ್ತಿ ಚಂದಾದಾರರಿಗೆ ಮಾತ್ರ’ ಎಂದು ಘೋಷಿಸಿತು. ಛಾಯಾಗ್ರಾಹಕರು ರೊಚ್ಚಿಗೆದ್ದ ಮೇಲೆ ಅದೇ ವರ್ಷ ಫೋಟೊಶಾಪ್, ಲೈಟ್‌ರೂಮ್ (ರಾಶಿ ಫೋಟೊಗಳನ್ನು ಜೋಡಿಸಿಟ್ಟು ತಿದ್ದುವ ಅದೇ ಕಂಪನಿಯ ತಂತ್ರಾಂಶ) ಎರಡನ್ನೂ ಸೇರಿಸಿ ತಿಂಗಳಿಗೆ 9.99 ಡಾಲರಿನ ಯೋಜನೆ ತಂದಿತು. ಈಗ ಮೂವರು ಗಿರಾಕಿಗಳನ್ನು ಕಲ್ಪಿಸಿಕೊಳ್ಳಿ. ಒಬ್ಬ, ಹೊಸ ಆವೃತ್ತಿ ಬಂದಾಗಲೆಲ್ಲ ಎರಡನ್ನೂ ಅಪ್‌ಗ್ರೇಡ್ ಮಾಡುತ್ತಿದ್ದವನು. ಫೋಟೊಶಾಪ್‌ಗೆ ಹದಿನೆಂಟು ತಿಂಗಳಿಗೊಮ್ಮೆ 199, ಲೈಟ್‌ರೂಮ್‌ಗೆ ಎರಡು ವರ್ಷಕ್ಕೊಮ್ಮೆ 79 ಡಾಲರ್ ಎಂದು ಹಿಡಿದರೆ ಅವನಿಗೆ ತಿಂಗಳಿಗೆ ಸುಮಾರು 14 ಡಾಲರ್ ಬೀಳುತ್ತಿತ್ತು. ಚಂದಾ ಅವನಿಗೆ ಉಳಿತಾಯ. ಇನ್ನೊಬ್ಬ, ಒಮ್ಮೆ 699 ಕೊಟ್ಟು ಆರು ವರ್ಷ ಅದರಲ್ಲೇ ದೂಡುತ್ತಿದ್ದವನು. 72 ತಿಂಗಳಿಗೆ ಹಂಚಿದರೆ 9.70 ಡಾಲರ್, ಅಂದರೆ ಹೆಚ್ಚೂಕಡಿಮೆ ಸಮ. ಮೂರನೆಯವನು ಫೋಟೊಶಾಪ್ ಮುಟ್ಟದೆ ಲೈಟ್‌ರೂಮ್ ಒಂದರಲ್ಲೇ ಕೆಲಸ ಮುಗಿಸುತ್ತಿದ್ದವನು. ಅವನ ಖರ್ಚು ತಿಂಗಳಿಗೆ ಮೂರು ಡಾಲರಿನ ಆಸುಪಾಸು ಇದ್ದದ್ದು ಚಂದಾಕ್ಕೆ ಬಂದಾಗ ಮೂರು ಪಟ್ಟಾಯಿತು. ನಿಜವಾದ ಹೊಡೆತ ತಿಂದವನು ಇವನು.

ಆ 9.99 ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಾಡಲಿಲ್ಲ ಎಂಬುದನ್ನೂ ಹೇಳಬೇಕು. ಅಲ್ಲಾಡಿದ್ದು 2025ರ ಜನವರಿಯಲ್ಲಿ. 20 ಜಿಬಿ ಜಾಗದ ಆ ಯೋಜನೆಯನ್ನು ಹೊಸಬರಿಗೆ ಮುಚ್ಚಿದರು, ತಿಂಗಳ ಕಂತಿನಲ್ಲಿ ಕಟ್ಟುತ್ತಿದ್ದ ಹಳಬರಿಗೆ 14.99 ಡಾಲರ್ ಮಾಡಿದರು. ಒಂದೇ ಏಟಿಗೆ ಶೇ 50 ಏರಿಕೆ. ಹತ್ತು ವರ್ಷದ ಕೆಲಸವನ್ನೆಲ್ಲ ಒಂದೇ ತಂತ್ರಾಂಶದ ಕ್ಯಾಟಲಾಗ್‌ನಲ್ಲಿ (ಚಿತ್ರಗಳ, ತಿದ್ದುಪಡಿಗಳ ದಾಖಲೆ) ಕೂಡಿಟ್ಟವನು ಬೆಲೆ ಏರಿತೆಂದು ಮರುದಿನವೇ ಎದ್ದು ಹೋಗಲಾರ. ಬಾಡಿಗೆ ಪದ್ಧತಿಯ ದೊಡ್ಡ ತೊಡಕು ಇದೇ. ಇಂದಿನ ಬೆಲೆ ಅಗ್ಗವೋ ದುಬಾರಿಯೋ ಎಂದು ನೋಡಿ ಸಹಿ ಹಾಕುತ್ತೇವೆ. ನಾಳೆಯ ಬೆಲೆಯನ್ನು ತೀರ್ಮಾನಿಸುವವರು ಬೇರೆಯವರು.

ಭಾರತದ ರೂಪಾಯಿ ದರ ಬೇರೆ, ಆಗಾಗ ಬದಲಾಗುತ್ತದೆ. ಆದರೆ ಲೆಕ್ಕದ ರೀತಿ ಒಂದೇ. ಒಂದೇ ಸಲದ ಬೆಲೆಗೆ, ಎಷ್ಟು ವರ್ಷ ಬಳಸುತ್ತೀರೋ ಅಷ್ಟರಲ್ಲಿ ಮಾಡಬೇಕಾಗುವ ಅಪ್‌ಗ್ರೇಡ್ ಖರ್ಚು ಕೂಡಿಸಿ, ತಿಂಗಳುಗಳಿಂದ ಭಾಗಿಸಿ. ಬಂದ ಮೊತ್ತವನ್ನು ಚಂದಾದ ಪಕ್ಕ ಇಡಿ. ಚಂದಾಕ್ಕೆ ಶೇ 18 ಜಿಎಸ್‌ಟಿ ಸೇರಿದೆಯೇ ನೋಡಿ. ಡಾಲರಿನಲ್ಲಿ ಬಿಲ್ ಆಗುವುದಾದರೆ ಕಾರ್ಡಿನ ವಿದೇಶಿ ವಿನಿಮಯ ಶುಲ್ಕವನ್ನೂ ಹಿಡಿಯಿರಿ, ಹಲವು ಕಾರ್ಡುಗಳಲ್ಲಿ ಅದು ಶೇ 2ರಿಂದ 3.5. ಜಿಎಸ್‌ಟಿ ನೋಂದಣಿ ಇರುವ ಸ್ಟುಡಿಯೊ ಖಾತೆಯಲ್ಲಿ ತನ್ನ ಜಿಎಸ್‌ಟಿ ಸಂಖ್ಯೆ ನಮೂದಿಸಿದರೆ ಆ ತೆರಿಗೆ ಹೂಡುವಳಿ ಜಮೆಯಾಗಿ, ಅಂದರೆ ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆಯಬಹುದಾದ ಮೊತ್ತವಾಗಿ, ಹಿಂದಿರುಗುತ್ತದೆ. ನಮೂದಿಸದಿದ್ದರೆ ಹೋದದ್ದು ಹೋಯಿತು.

ಚಂದಾದಲ್ಲೂ ಮೂರು ಬಗೆ ಇವೆ, ಎಡವುವುದು ಇಲ್ಲಿಯೇ. ಒಂದು ಶುದ್ಧ ಮಾಸಿಕ: ಯಾವಾಗ ಬೇಕಾದರೂ ಬಿಡಬಹುದು, ದರ ಹೆಚ್ಚು. ಎರಡನೆಯದು ವರ್ಷಕ್ಕೆ ಒಪ್ಪಿ ತಿಂಗಳು ತಿಂಗಳು ಕಟ್ಟುವುದು. ಮೂರನೆಯದು ವರ್ಷದ್ದನ್ನು ಮುಂಗಡ ಕಟ್ಟುವುದು. ಖರೀದಿ ಪುಟದಲ್ಲಿ ಮೊದಲೇ ಟಿಕ್ ಆಗಿ ಕಣ್ಣಿಗೆ ಬೀಳುತ್ತಿದ್ದದ್ದು ಎರಡನೆಯದು. ತಿಂಗಳಿಗಿಷ್ಟು ಎಂದು ಬರೆದಿರುವುದರಿಂದ ಜನ ಅದನ್ನು ಮಾಸಿಕ ಎಂದೇ ತಿಳಿಯುತ್ತಾರೆ. ಅಡೋಬಿಯ ನಿಯಮದಂತೆ ಮೊದಲ 14 ದಿನದೊಳಗೆ ಬಿಟ್ಟರೆ ಪೂರ್ತಿ ಹಣ ವಾಪಸ್, ಆಮೇಲೆ ಬಿಟ್ಟರೆ ಉಳಿದ ತಿಂಗಳುಗಳ ಮೊತ್ತದ ಅರ್ಧ ದಂಡ. ನಾಲ್ಕು ತಿಂಗಳು ಕಟ್ಟಿ ಐದನೆಯದಕ್ಕೆ ಬೇಡ ಎಂದರೆ ಇನ್ನೂ ಎಂಟು ತಿಂಗಳು ಬಾಕಿ, ಅದರ ಅರ್ಧ ಎಂದರೆ ನಾಲ್ಕು ತಿಂಗಳ ಕಂತು, ಬಳಸದೆಯೇ. ಈ ದಂಡದ ವಿಷಯವನ್ನು ಗ್ರಾಹಕರ ಕಣ್ಣಿಗೆ ಬೀಳದಂತೆ ಇಟ್ಟಿದ್ದಾರೆ, ರದ್ದತಿಯನ್ನು ಕಷ್ಟ ಮಾಡಿದ್ದಾರೆ ಎಂಬ ಆರೋಪದ ಮೇಲೆಯೇ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಶಿಫಾರಸಿನಂತೆ ಅಮೆರಿಕ ಸರ್ಕಾರ 2024ರ ಜೂನ್‌ನಲ್ಲಿ ಕಂಪನಿಯ ವಿರುದ್ಧ ದಾವೆ ಹೂಡಿದ್ದು.

ಹಾಗಾದರೆ ಶುದ್ಧ ಮಾಸಿಕ ಯಾರಿಗೆ ಹೊಂದುತ್ತದೆ? ಫೋಟೊಶಾಪ್ ಒಂದನ್ನೇ ತೆಗೆದುಕೊಂಡಾಗ ವರ್ಷದ ಒಪ್ಪಂದದಲ್ಲಿ ತಿಂಗಳಿಗೆ 22.99, ಶುದ್ಧ ಮಾಸಿಕದಲ್ಲಿ 34.49 ಡಾಲರ್ ಇದ್ದ ದರವನ್ನು ಹಿಡಿದು ನೋಡಿ. ಹನ್ನೆರಡು 22.99 ಎಂದರೆ 275.88. ಎಂಟು 34.49 ಎಂದರೆ 275.92. ವರ್ಷದಲ್ಲಿ ಎಂಟು ತಿಂಗಳಿಗಿಂತ ಕಡಿಮೆ ಬಳಸುವವನಿಗೆ ದುಬಾರಿಯಾಗಿ ಕಾಣುವ ಮಾಸಿಕವೇ ಅಗ್ಗ. ಶಾಲಾ ಗುಂಪು ಫೋಟೊ, ವಾರ್ಷಿಕೋತ್ಸವ ಎಂದು ಮೂರ್ನಾಲ್ಕು ತಿಂಗಳು ಮಾತ್ರ ದುಡಿಯುವವರು, ಹವ್ಯಾಸಿಗಳು ಇದನ್ನು ಗಮನಿಸಬೇಕು. ಮದುವೆಯವರ ಕಥೆ ಬೇರೆ. ಮುಹೂರ್ತಗಳು ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ನಿಲ್ಲುತ್ತವೆ ನಿಜ. ಆದರೆ ಮುಹೂರ್ತ ನಿಂತರೂ ಆಲ್ಬಮ್ ನಿಲ್ಲುವುದಿಲ್ಲ. ಜ್ಯೇಷ್ಠದ ಮದುವೆಯ ಆಲ್ಬಮ್ ಶ್ರಾವಣದಲ್ಲಿ ಕೇಳಲು ಬರುತ್ತಾರೆ, ಅದರಲ್ಲೂ ‘ಆ ಅತ್ತೆಯ ಫೋಟೊ ಬಿಟ್ಟುಹೋಗಿದೆ’ ಎಂದು. ಅಂಥವರಿಗೆ ವರ್ಷದ ಒಪ್ಪಂದವೇ ಸರಿ.

ಇನ್ನು ಖರೀದಿಯ ಮಾತು. ಒಮ್ಮೆ ಕೊಂಡರೆ ಸ್ವಂತ ಎಂಬ ನಂಬಿಕೆ ಮುರಿಯಲು ಲೈಟ್‌ರೂಮ್ 6ರ ಗತಿಯೊಂದೇ ಸಾಕು. ಲೈಟ್‌ರೂಮನ್ನು ಅನಿರ್ದಿಷ್ಟ ಕಾಲ ಖರೀದಿಗೂ ಇಡುತ್ತೇವೆ ಎಂದು 2013ರಲ್ಲಿ ಹೇಳಿದ್ದ ಕಂಪನಿ 2015ರಲ್ಲಿ ಆರನೇ ಆವೃತ್ತಿಯನ್ನು 149 ಡಾಲರಿಗೆ ಮಾರಿತು. 2017ರ ಅಕ್ಟೋಬರಿನಲ್ಲಿ ಇದೇ ಕೊನೆಯದು ಎಂದಿತು. ಆ ಡಿಸೆಂಬರಿನ 6.14 ಕೊನೆಯ ತಿದ್ದುಪಡಿ. ಮುಂದಿನ ವರ್ಷ ನವೆಂಬರ್ ಕೊನೆಗೆ ಅದರ ಮ್ಯಾಪ್ ವಿಭಾಗ ಕೆಟ್ಟು ಕುಳಿತಿತು. ಗೂಗಲ್ ನಕ್ಷೆಯೊಂದಿಗಿದ್ದ ಸಂಪರ್ಕದ ಕೀಲಿಯ ಅವಧಿ ಮುಗಿದಿತ್ತು, ಹೊಸ ಕೀಲಿ ಹಾಕುವವರು ಯಾರೂ ಇರಲಿಲ್ಲ. 2018ರಲ್ಲಿ ಕ್ಯಾನನ್ ಎಂ50 ಜೊತೆಗೆ ಸಿಆರ್3 ಎಂಬ ಹೊಸ ರಾ ಫೈಲ್ (ಕ್ಯಾಮೆರಾ ಸೆರೆಹಿಡಿದ, ಇನ್ನೂ ಸಂಸ್ಕರಿಸದ ಮೂಲ ಚಿತ್ರ) ಬಂತು, ಲೈಟ್‌ರೂಮ್ 6 ಅದನ್ನು ತೆರೆಯಲೊಲ್ಲದು. ಅದೇ ವರ್ಷದ ನಿಕಾನ್ ಝಡ್ ಕ್ಯಾಮೆರಾಗಳದ್ದೂ ಇದೇ ಪಾಡು. 2019ರ ಮ್ಯಾಕ್ ಕ್ಯಾಟಲಿನಾ 32 ಬಿಟ್ ತಂತ್ರಾಂಶಗಳನ್ನು ಕೈಬಿಟ್ಟಾಗ ಅದರ ಇನ್‌ಸ್ಟಾಲರೇ ಓಡಲಿಲ್ಲ. ತಂತ್ರಾಂಶ ಒಂದು ಅಕ್ಷರವೂ ಬದಲಾಗದೆ ಹಾಗೇ ಇತ್ತು. ಸುತ್ತಲಿನ ಕ್ಯಾಮೆರಾ, ಕಂಪ್ಯೂಟರ್, ಸರ್ವರ್ ಬದಲಾದವು.

ಸಿಎಸ್6 ಇಟ್ಟುಕೊಂಡವರಿಗೂ ಇದೇ ತಾಪತ್ರಯ. ಅದರಲ್ಲಿ ರಾ ಫೈಲ್ ತೆರೆಯುವ ಭಾಗದ ಹೆಸರು ಕ್ಯಾಮೆರಾ ರಾ; ಅದಕ್ಕೆ ಸಿಕ್ಕ ಕೊನೆಯದು 9.1.1, 2015ರ ನಡುವಿನದು. ಆಮೇಲೆ ಬಂದ ಯಾವ ಕ್ಯಾಮೆರಾದ ರಾ ಫೈಲೂ ನೇರವಾಗಿ ತೆರೆಯುವುದಿಲ್ಲ. ದಾರಿ ಇದೆ. ರಾ ಫೈಲುಗಳನ್ನು ಡಿಎನ್‌ಜಿ ಎಂಬ ಸಾಮಾನ್ಯ ರೂಪಕ್ಕೆ ತರುವ ಅಡೋಬಿಯ ಉಚಿತ ಡಿಎನ್‌ಜಿ ಕನ್ವರ್ಟರ್ ಇಳಿಸಿಕೊಂಡು, ಅದರ ಪ್ರಿಫರೆನ್ಸ್‌ನಲ್ಲಿ ಹೊಂದಾಣಿಕೆಯನ್ನು ‘ಕ್ಯಾಮೆರಾ ರಾ 7.1 ಮತ್ತು ನಂತರ’ ಎಂದು ಇಟ್ಟು ಇಡೀ ಫೋಲ್ಡರನ್ನು ಪರಿವರ್ತಿಸಿದರೆ ಹಳೆಯ ತಂತ್ರಾಂಶ ಅದನ್ನು ಓದುತ್ತದೆ. ಮೂಲ ರಾ ಫೈಲ್ ಅಳಿಸಬೇಡಿ, ಅಂದರೆ ಹಾರ್ಡ್‌ಡಿಸ್ಕಿನಲ್ಲಿ ಇಮ್ಮಡಿ ಜಾಗ. ಎರಡು ಸಾವಿರ ಚಿತ್ರಗಳ ಮದುವೆಗೆ ಪ್ರತಿ ಸಲ ಇದೊಂದು ಹೆಚ್ಚಿನ ಸುತ್ತು. ಇನ್ನು 4ಕೆ ಮಾನಿಟರ್ ತಂದವರು ಸಿಎಸ್6 ತೆರೆದರೆ ಟೂಲ್‌ಗಳೆಲ್ಲ ಸಾಸಿವೆ ಕಾಳು.

ಆಕ್ಟಿವೇಶನ್ ಎಂಬುದು ಇನ್ನೊಂದು ಗಂಟು. ಕೊಂಡ ತಂತ್ರಾಂಶವೂ ಹೊಸ ಸಿಸ್ಟಂಗೆ ಹಾಕಿದಾಗ ಕಂಪನಿಯ ಸರ್ವರನ್ನು ಒಂದು ಮಾತು ಕೇಳಿಯೇ ಏಳುತ್ತದೆ. ಇನ್ನೂ ಹಳೆಯ ಸಿಎಸ್2 ಆವೃತ್ತಿಯ ಸರ್ವರನ್ನು ಅಡೋಬಿ ನಿಲ್ಲಿಸಿದಾಗ ಹಳೆಯ ಗ್ರಾಹಕರಿಗಾಗಿ 2013ರಲ್ಲಿ ಆಕ್ಟಿವೇಶನ್ ಬೇಡದ ಪ್ರತಿಯನ್ನು ಕೊಡಬೇಕಾಯಿತು. ಎಲ್ಲ ಕಂಪನಿಗಳೂ ಅಷ್ಟು ಮಾಡುತ್ತವೆಂದು ನಂಬಿಕೊಳ್ಳಬೇಡಿ. ಹಾಗಾಗಿ ಕೊಂಡವರು ಇನ್‌ಸ್ಟಾಲರ್ ಫೈಲ್, ಸೀರಿಯಲ್ ಸಂಖ್ಯೆ, ಬಿಲ್ ಈ ಮೂರನ್ನೂ ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳಬೇಕು. ಸಿಸ್ಟಂ ಫಾರ್ಮ್ಯಾಟ್ ಮಾಡುವ ಮೊದಲು ತಂತ್ರಾಂಶದೊಳಗೆ ಹೋಗಿ ಡಿಆಕ್ಟಿವೇಟ್ ಮಾಡಬೇಕು. ಮಾಡದಿದ್ದರೆ ಕೊಟ್ಟಿರುವ ಎರಡೋ ಮೂರೋ ಅವಕಾಶದಲ್ಲಿ ಒಂದು ಸತ್ತ ಹಾರ್ಡ್‌ಡಿಸ್ಕಿನ ಹೆಸರಿನಲ್ಲೇ ಉಳಿಯುತ್ತದೆ.

‘ಖರೀದಿ’ ಎಂಬ ಪದವೂ ಈಗ ಸಡಿಲವಾಗಿದೆ. ಮನೆಬಳಕೆಯವರಿಗೆಂದು ಬರುತ್ತಿದ್ದ ಫೋಟೊಶಾಪ್ ಎಲಿಮೆಂಟ್ಸ್ 2025ರ ಆವೃತ್ತಿಯಿಂದ ಮೂರು ವರ್ಷದ ಲೈಸೆನ್ಸ್ ಮಾತ್ರ, ಒಂದೇ ಸಲ ಹಣ ಕೊಟ್ಟರೂ. ಇದನ್ನು ಮಾರಾಟ ಎನ್ನುವುದಕ್ಕಿಂತ ಭೋಗ್ಯ ಎನ್ನಬಹುದಿತ್ತು. ಆದರೆ ಮನೆ ಭೋಗ್ಯಕ್ಕೆ ಹಾಕಿಕೊಂಡರೆ ಮೂರು ವರ್ಷದ ನಂತರ ಅಸಲಾದರೂ ಕೈಗೆ ಬರುತ್ತದೆ! ರಾ ಫೈಲ್ ಸಂಸ್ಕರಿಸುವ ಕ್ಯಾಪ್ಚರ್ ಒನ್ ಈಗಲೂ ಒಂದೇ ಸಲಕ್ಕೆ ಸಿಗುತ್ತದೆ, ಆದರೆ 2023ರ ಫೆಬ್ರವರಿಯಿಂದ ಹಾಗೆ ಕೊಂಡವರಿಗೆ ಆಮೇಲೆ ಸೇರುವ ಹೊಸ ಸೌಲಭ್ಯಗಳಿಲ್ಲ. ಅಂಥದೇ ಆದ ಡಿಎಕ್ಸ್‌ಒ ಫೋಟೊಲ್ಯಾಬ್ ನಿಜವಾದ ಒಂದೇ ಸಲದ ಖರೀದಿ. ಹೈ ಐಎಸ್‌ಒ ನಾಯ್ಸ್ (ಮಂದ ಬೆಳಕಿನ ಚಿತ್ರದಲ್ಲಿ ಮೂಡುವ ಕಾಳುಕಾಳು) ತೆಗೆಯುವುದರಲ್ಲಿ ಅದು ಬಹಳ ಒಳ್ಳೆಯದು, ಹೊಸ ಕ್ಯಾಮೆರಾ ಕೊಂಡಾಗ ಹೊಸ ಆವೃತ್ತಿಯನ್ನೂ ಕೊಳ್ಳಬೇಕಾಗಬಹುದು ಅಷ್ಟೆ. ಫೋಟೊಶಾಪ್‌ಗೆ ಬದಲಿಯಾದ ಅಫಿನಿಟಿ ಫೋಟೊ 2015ರಿಂದ ‘ಚಂದಾ ಇಲ್ಲ’ ಎಂದೇ ಹೆಸರು ಮಾಡಿತ್ತು. 2024ರಲ್ಲಿ ಆನ್‌ಲೈನ್ ವಿನ್ಯಾಸದ ಕ್ಯಾನ್ವಾ ಕಂಪನಿ ಅದನ್ನು ಕೊಂಡಿತು, 2025ರ ಅಕ್ಟೋಬರ್ ಕೊನೆಗೆ ಹೊಸ ಅಫಿನಿಟಿಯನ್ನು ಉಚಿತ ಮಾಡಿತು. ಕ್ಯಾನ್ವಾ ಖಾತೆ ಬೇಕು, ಎಐ ಉಪಕರಣಗಳಿಗೆ ಕ್ಯಾನ್ವಾದ ಚಂದಾ ಬೇಕು. ಉಚಿತವಾದದ್ದು ನಾಳೆ ಏನಾಗುತ್ತದೆ ಎಂಬುದಕ್ಕೆ ಕೊಂಡ ರಸೀತಿಯಷ್ಟೂ ಆಧಾರ ಇರುವುದಿಲ್ಲ.

ಇಷ್ಟಾದ ಮೇಲೆ, ಬಾಡಿಗೆಯಾಗಲಿ ಸ್ವಂತವಾಗಲಿ, ಮೊದಲು ವಿಚಾರಿಸಬೇಕಾದದ್ದು ಒಂದೇ: ಕಂತು ನಿಂತ ದಿನ ನನ್ನ ಕೆಲಸ ನನ್ನ ಕೈಗೆ ಯಾವ ರೂಪದಲ್ಲಿ ಬರುತ್ತದೆ? ಚಿತ್ರಗಳು ನಮ್ಮ ಕಂಪ್ಯೂಟರಿನಲ್ಲೇ ಇರುವ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಚಂದಾ ಮುಗಿದರೆ ಕ್ಯಾಟಲಾಗ್ ತೆರೆಯುತ್ತದೆ, ಚಿತ್ರ ನೋಡಬಹುದು, ಎಕ್ಸ್‌ಪೋರ್ಟ್ ಮಾಡಬಹುದು. ಚಿತ್ರ ತಿದ್ದುವ ಡೆವಲಪ್ ಮತ್ತು ಮ್ಯಾಪ್ ವಿಭಾಗಗಳಿಗೆ ಬೀಗ. ಫೋಟೊಶಾಪ್ ತೆರೆಯುವುದೇ ಇಲ್ಲ. ಕ್ಲೌಡ್‌ನಲ್ಲಿ ಮೂಲ ಚಿತ್ರಗಳನ್ನೇ ಇಟ್ಟಿರುವ ಇನ್ನೊಂದು ಲೈಟ್‌ರೂಮ್ ಬಳಸುವವರು ಇನ್ನೂ ಎಚ್ಚರ ವಹಿಸಬೇಕು, ಕಂಪನಿ ಕೊಡುವ ಗಡುವಿನೊಳಗೆ ಎಲ್ಲವನ್ನೂ ಇಳಿಸಿಕೊಳ್ಳಬೇಕು. 1 ಟಿಬಿ ಚಿತ್ರಗಳನ್ನು 50 ಎಂಬಿಪಿಎಸ್ ಸಂಪರ್ಕದಲ್ಲಿ ಒಂದು ಕ್ಷಣವೂ ಕಡಿಯದೆ ಇಳಿಸಿದರೂ ಸುಮಾರು 44 ಗಂಟೆ. ನಮ್ಮ ಊರುಗಳ ಕರೆಂಟು, ನೆಟ್ ಎರಡನ್ನೂ ಲೆಕ್ಕ ಹಿಡಿದರೆ ಒಂದು ವಾರ ಎನ್ನಿ.

ಲೈಟ್‌ರೂಮ್ ಕ್ಲಾಸಿಕ್ ಬಿಡುವವರು ಚಂದಾ ಜೀವಂತ ಇರುವಾಗಲೇ ಮಾಡಿಕೊಳ್ಳಬೇಕಾದ ಕೆಲಸ ಹೀಗಿದೆ. ಕ್ರಮ ಮುಖ್ಯ. ಲೈಟ್‌ರೂಮ್ ನಿಮ್ಮ ತಿದ್ದುಪಡಿಗಳನ್ನು ಮುಖ್ಯವಾಗಿ ಎಲ್‌ಆರ್‌ಕ್ಯಾಟ್ ಎಂಬ ಫೈಲಿನಲ್ಲಿ ಇಡುತ್ತದೆ, ಒಳಗೆ ಅದೊಂದು ಎಸ್‌ಕ್ಯೂಲೈಟ್ ಡೇಟಾಬೇಸ್. ಅಲ್ಲಿಂದ ಹೊರಗೆ ತರಲು ಎಕ್ಸ್‌ಎಂಪಿ ಎಂಬ ಪುಟ್ಟ ಫೈಲುಗಳು ಬೇಕು. ಆದರೆ ಕಲೆಕ್ಷನ್‌ಗಳು (ನೀವು ಹೆಸರು ಕೊಟ್ಟು ಮಾಡಿದ ಚಿತ್ರಗಳ ಗುಂಪುಗಳು) ಮತ್ತು ವರ್ಚುವಲ್ ಕಾಪಿಗಳು (ಒಂದೇ ಫೈಲಿನ ಬೇರೆ ಬೇರೆ ತಿದ್ದುಪಡಿಗಳು) ಎಕ್ಸ್‌ಎಂಪಿಗೆ ಹೋಗುವುದಿಲ್ಲ. ಆದ್ದರಿಂದ ಮೊದಲು ಪ್ರತಿ ಕಲೆಕ್ಷನ್ ತೆರೆದು, ಎಲ್ಲ ಚಿತ್ರ ಆಯ್ದು, ಅದರ ಹೆಸರನ್ನೇ ಕೀವರ್ಡ್ ಆಗಿ ಕೊಡಿ. ಕಪ್ಪುಬಿಳುಪು, ಬೇರೆ ಕ್ರಾಪ್ ಎಂದು ಮಾಡಿಟ್ಟ ವರ್ಚುವಲ್ ಕಾಪಿಗಳನ್ನು ಟಿಫ್ (ಗುಣಮಟ್ಟ ಕುಂದದ ಚಿತ್ರ ಫೈಲ್) ಆಗಿ ಎಕ್ಸ್‌ಪೋರ್ಟ್ ಮಾಡಿ. ಆಮೇಲೆ ಲೈಬ್ರರಿಗೆ ಬಂದು ಎಲ್ಲವನ್ನೂ ಆಯ್ದು ಕಂಟ್ರೋಲ್-ಎಸ್ ಒತ್ತಿ, ಮ್ಯಾಕ್‌ನಲ್ಲಿ ಕಮಾಂಡ್-ಎಸ್. ನಿಕಾನ್, ಕ್ಯಾನನ್, ಸೋನಿ ರಾ ಫೈಲುಗಳ ಪಕ್ಕದಲ್ಲಿ ಎಕ್ಸ್‌ಎಂಪಿ ಹುಟ್ಟುತ್ತದೆ, ಡಿಎನ್‌ಜಿ ಮತ್ತು ಜೆಪೆಗ್ ಆದರೆ ಫೈಲಿನೊಳಗೇ ಬರೆಯುತ್ತದೆ. ಕೀವರ್ಡ್ ಕೊಡುವ ಮೊದಲೇ ಕಂಟ್ರೋಲ್-ಎಸ್ ಒತ್ತಿ ಬಿಟ್ಟುಬಿಟ್ಟರೆ ಕಲೆಕ್ಷನ್ ಮಾಹಿತಿ ಹೋಯಿತೆಂದೇ ಲೆಕ್ಕ.

ಎಕ್ಸ್‌ಎಂಪಿ ಇದ್ದರೆ ಬೇರೆ ತಂತ್ರಾಂಶ ಎಲ್ಲವನ್ನೂ ಓದಿಕೊಳ್ಳುತ್ತದೆ ಎಂಬುದು ಮಾತ್ರ ಭ್ರಮೆ. ನಕ್ಷತ್ರ, ಬಣ್ಣದ ಗುರುತು, ಕೀವರ್ಡ್ ದಾಟಿ ಬರುತ್ತವೆ. ‘ಹೈಲೈಟ್ಸ್ ಮೈನಸ್ 40, ಶ್ಯಾಡೋಸ್ ಪ್ಲಸ್ 25’ ಎಂಬ ಸೂಚನೆಗೆ ಅಡೋಬಿಯ ಎಂಜಿನ್‌ನಲ್ಲಿ ಮಾತ್ರ ಅರ್ಥ ಇದೆ. ಡಾರ್ಕ್‌ಟೇಬಲ್ ಎಂಬ ಉಚಿತ ತಂತ್ರಾಂಶ ಮೊದಲ ಸಲ ಇಂಪೋರ್ಟ್ ಮಾಡುವಾಗ ಕ್ರಾಪ್‌ನಂಥ ಕೆಲವನ್ನು ತಕ್ಕಮಟ್ಟಿಗೆ ಎತ್ತಿಕೊಳ್ಳುತ್ತದೆ, ಮಾಸ್ಕ್‌ಗಳನ್ನಲ್ಲ (ಚಿತ್ರದ ಒಂದು ಭಾಗಕ್ಕಷ್ಟೇ ಮಾಡಿದ ತಿದ್ದುಪಡಿ). ಆದ್ದರಿಂದ ಅಂತಿಮ ಚಿತ್ರಗಳನ್ನು 16 ಬಿಟ್ ಟಿಫ್ ಮಾಡಿಟ್ಟುಕೊಳ್ಳುವುದೇ ದಾರಿ. 24 ಮೆಗಾಪಿಕ್ಸೆಲ್ ಚಿತ್ರವೊಂದು ಆಗ ಸುಮಾರು 144 ಎಂಬಿ ತೂಗುತ್ತದೆ: ಪಿಕ್ಸೆಲ್‌ಗೆ ಮೂರು ಬಣ್ಣ, ಬಣ್ಣಕ್ಕೆ ಎರಡು ಬೈಟ್. ಐನೂರು ಚಿತ್ರಕ್ಕೆ 72 ಜಿಬಿ. ಎಲ್ಲವನ್ನೂ ಹೀಗೆ ಮಾಡಬೇಕಿಲ್ಲ. ಪ್ರದರ್ಶನಕ್ಕೆ, ಸ್ಪರ್ಧೆಗೆ, ಮರುಮುದ್ರಣಕ್ಕೆ ಬೇಕಾಗುವಂಥವು ಟಿಫ್, ಮಿಕ್ಕವು ಗರಿಷ್ಠ ಗುಣಮಟ್ಟದ ಜೆಪೆಗ್. ಪದರ ಪದರವಾಗಿ (ಲೇಯರ್) ಉಳಿಯುವ ಫೋಟೊಶಾಪ್‌ನ ಪಿಎಸ್‌ಡಿ ಫೈಲುಗಳನ್ನು ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಆನ್ ಇಟ್ಟು ಸೇವ್ ಮಾಡಿದರೆ ಪದರಗಳು ಅರ್ಥವಾಗದ ತಂತ್ರಾಂಶದಲ್ಲೂ ಕೊನೆಯ ಚಿತ್ರವಾದರೂ ಕಾಣುತ್ತದೆ.

ಕನ್ನಡ ಸ್ಟುಡಿಯೊಗಳಿಗೆ ಇನ್ನೊಂದು ತೊಡಕಿದೆ, ಅದು ಲಿಪಿ. ಹಳೆಯ ಫೋಟೊಶಾಪ್‌ಗೆ ಯೂನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಕೂಡುತ್ತಿರಲಿಲ್ಲ, ಅದಕ್ಕೇ ಎಲ್ಲರೂ ನುಡಿ, ಬರಹದ ಹಳೆಯ ಆಸ್ಕಿ ಫಾಂಟ್‌ಗಳನ್ನು ಅಪ್ಪಿಕೊಂಡರು. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟ್‌ಗಳಾದ್ದರಿಂದ ಯಾವ ತಂತ್ರಾಂಶದಲ್ಲೂ ಮೂಡುತ್ತಿದ್ದವು. ಫೋಟೊಶಾಪ್‌ಗೆ ಭಾರತೀಯ ಲಿಪಿಗಳ ಬೆಂಬಲ ಬಂದ ಮೇಲೂ ಹಲವು ಆವೃತ್ತಿಗಳಲ್ಲಿ ಪ್ರಿಫರೆನ್ಸ್‌ನ ಟೈಪ್ ವಿಭಾಗಕ್ಕೆ ಹೋಗಿ ‘ಮಿಡ್ಲ್ ಈಸ್ಟರ್ನ್ ಆಂಡ್ ಸೌತ್ ಏಷ್ಯನ್’ ಅಥವಾ ‘ವರ್ಲ್ಡ್-ರೆಡಿ ಲೇಔಟ್’ ಆಯ್ದುಕೊಳ್ಳಬೇಕಿತ್ತು, ಮೊದಲೇ ಬರೆದಿದ್ದ ಪಠ್ಯಕ್ಕೆ ಪ್ಯಾರಾಗ್ರಾಫ್ ಪ್ಯಾನೆಲ್ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಬೇರೆ ಹಾಕಬೇಕಿತ್ತು. ಹಾಕದಿದ್ದರೆ ಲಗ್ನಪತ್ರಿಕೆಯ ‘ಜ್ಯೋತ್ಸ್ನಾ’ ಬಿಡಿಬಿಡಿಯಾಗಿ, ಪ್ರತಿ ಅಕ್ಷರದ ನೆತ್ತಿಗೂ ಹಲಂತದ ಕೊಂಬು ಮೂಡಿ ನಿಲ್ಲುತ್ತಿತ್ತು.

ಅಫಿನಿಟಿಗೆ ಹೊರಟವರು ಎಡವಿದ್ದು ಇದೇ ಕಲ್ಲಿಗೆ. ಬಣ್ಣ, ಪದರ, ರಿಟಚಿಂಗ್ ಎಲ್ಲದರಲ್ಲೂ ಸೈ ಎನಿಸಿಕೊಂಡ ಆ ತಂತ್ರಾಂಶದಲ್ಲಿ ಎರಡನೇ ಆವೃತ್ತಿಯವರೆಗೂ ಭಾರತೀಯ ಲಿಪಿಗಳ ಕೂಡಕ್ಷರ ಸರಿಯಾಗಿ ಮೂಡುತ್ತಿರಲಿಲ್ಲ. ಇದಕ್ಕೆ ಮದ್ದು, ಉಚಿತವಾದ ಇಂಕ್‌ಸ್ಕೇಪ್‌ನಲ್ಲಿ ಹೆಸರು, ದಿನಾಂಕ ಬರೆದು, ‘ಆಬ್ಜೆಕ್ಟ್ ಟು ಪಾತ್’ ಕೊಟ್ಟು ಅಕ್ಷರಗಳನ್ನು ಗೆರೆಗಳಾಗಿ ಮಾಡಿ, ಎಸ್‌ವಿಜಿಯಾಗಿ ಉಳಿಸಿ ತಂದು ಕೂರಿಸುವುದು. ಆಮೇಲೆ ಕಾಗುಣಿತ ತಪ್ಪಿದರೆ ಮತ್ತೆ ಇಂಕ್‌ಸ್ಕೇಪ್‌ಗೇ ಹೋಗಬೇಕು, ಆದ್ದರಿಂದ ಪಾತ್ ಮಾಡುವ ಮುನ್ನದ ಪ್ರತಿಯನ್ನೂ ಇಟ್ಟುಕೊಳ್ಳಿ. ಚಿತ್ರ ತಿದ್ದುವ ಉಚಿತ ತಂತ್ರಾಂಶ ಗಿಂಪ್‌ನಲ್ಲಿ ಈ ತೊಂದರೆಯೇ ಇಲ್ಲ, ‘ನೋಟೊ’ ಫಾಂಟ್ ಆಗಲಿ ‘ಬಲೂ ತಮ್ಮ’ ಫಾಂಟ್ ಆಗಲಿ ನೇರವಾಗಿ ಟೈಪಿಸಿದರೆ ಒತ್ತು, ಅರ್ಕಾವತ್ತು ಎಲ್ಲ ಸರಿಯಾಗಿ ಕೂರುತ್ತವೆ. ಯಾವ ತಂತ್ರಾಂಶಕ್ಕೂ ಹಣ ಕೊಡುವ ಮೊದಲು ಟ್ರಯಲ್ ಪ್ರತಿಯಲ್ಲಿ ‘ಶ್ರೀಮತಿ ಜ್ಯೋತ್ಸ್ನಾ, ಕಾರ್ತಿಕ್, ಕೃತಜ್ಞತೆಗಳು’ ಎಂದು ಒಮ್ಮೆ ಟೈಪ್ ಮಾಡಿ ನೋಡಿ. ಐದು ನಿಮಿಷದ ಕೆಲಸ.

ಗಿಂಪ್ ಎಂದಾಗ ಮೂಗು ಮುರಿಯುವವರು 2025ರ ಮಾರ್ಚ್‌ನಲ್ಲಿ ಬಂದ 3.0 ನೋಡಿಲ್ಲ ಎಂದು ಕಾಣುತ್ತದೆ. ಫಿಲ್ಟರ್‌ಗಳು ಈಗ ಪದರಕ್ಕೆ ಅಂಟಿಕೊಂಡು ನಿಲ್ಲುತ್ತವೆ, ಆಮೇಲೂ ತಿದ್ದಬಹುದು. ಹಾಗೆಂದು ಆಲ್ಬಮ್ ಡಿಸೈನರನ್ನು ನಾಳೆಯೇ ಅದಕ್ಕೆ ಕೂರಿಸಬೇಡಿ. ಮಾರುಕಟ್ಟೆಯಲ್ಲಿ ಸಿಗುವ ಆಲ್ಬಮ್ ಟೆಂಪ್ಲೇಟ್‌ಗಳೆಲ್ಲ ಪಿಎಸ್‌ಡಿ. ಗಿಂಪ್‌ನಲ್ಲಿ ಅವು ತೆರೆಯುತ್ತವೆ, ಆದರೆ ಸ್ಮಾರ್ಟ್ ಆಬ್ಜೆಕ್ಟ್ (ಮೂಲ ಚಿತ್ರವನ್ನು ಹಾಗೇ ಒಳಗಿಟ್ಟುಕೊಂಡ ಪದರ) ತನ್ನ ಗುಣ ಕಳೆದುಕೊಳ್ಳುತ್ತದೆ, ಹಲವು ಲೇಯರ್ ಎಫೆಕ್ಟ್‌ಗಳು ಮೂಲದಂತೆ ಕಾಣುವುದಿಲ್ಲ, ಫೋಟೊಶಾಪ್ ಆಕ್ಷನ್‌ಗಳು (ಹಲವು ಹಂತಗಳನ್ನು ಒಂದೇ ಗುಂಡಿಗೆ ಮುಗಿಸುವ ದಾಖಲಿತ ಸೂಚನೆಗಳು) ಓಡುವುದಿಲ್ಲ. 12×36 ಇಂಚಿನ ಒಂದು ಹಾಳೆ 300 ಡಿಪಿಐನಲ್ಲಿ 3600×10800 ಪಿಕ್ಸೆಲ್. ಪದರಗಳಿಲ್ಲದೆಯೇ ಮೆಮೊರಿಯಲ್ಲಿ 117 ಎಂಬಿ, ಹತ್ತು ಹದಿನೈದು ಪದರ ಬಂದರೆ ಗಿಗಾಬೈಟ್ ದಾಟುತ್ತದೆ. ದಿನಕ್ಕೆ ಇಂಥ ಇಪ್ಪತ್ತು ಹಾಳೆ ಮುಗಿಸುವವನ ಕೈಯಿಂದ ಆಕ್ಷನ್ ಕಿತ್ತುಕೊಂಡರೆ ಉಳಿಸಿದ ಚಂದಾ ಹಣಕ್ಕಿಂತ ಕೂಲಿಯೇ ಹೆಚ್ಚು ಹೋಗುತ್ತದೆ, ಮೂಗಿಗಿಂತ ಮೂಗುತಿ ಭಾರ ಎಂದ ಹಾಗೆ.

ಜಾಣತನ ಇರುವುದು ಹಂಚಿಕೆಯಲ್ಲಿ. ನಾಲ್ಕು ಸಿಸ್ಟಂ ಇರುವ ಸ್ಟುಡಿಯೊದಲ್ಲಿ ನಾಲ್ಕಕ್ಕೂ ಫೋಟೊಶಾಪ್ ಬೇಕಿಲ್ಲ. ಚಿತ್ರ ಆಯ್ಕೆ, ನಕ್ಷತ್ರ ಕೊಡುವುದು ಉಚಿತವಾದ ಡಿಜಿಕ್ಯಾಮ್‌ನಲ್ಲಿ ಆಗುತ್ತದೆ. ರಾ ಸಂಸ್ಕರಣೆ ಡಾರ್ಕ್‌ಟೇಬಲ್, ಅದರಂತೆಯೇ ಉಚಿತವಾದ ರಾಥೆರಪಿ ಅಥವಾ ಕೊಂಡ ಯಾವುದಾದರೂ ತಂತ್ರಾಂಶದಲ್ಲಿ. ಪಾಸ್‌ಪೋರ್ಟ್ ಫೋಟೊದ ಹಾಳೆ ಜೋಡಿಸಲು ಗಿಂಪ್ ಧಾರಾಳ. ಆಲ್ಬಮ್ ಕಟ್ಟುವ ಒಂದು ಕುರ್ಚಿಗೆ ಮಾತ್ರ ಚಂದಾ. ಒಂದೇ ಲಾಗಿನ್ ನಾಲ್ವರು ಬಳಸುವ ಉಪಾಯ ಬೇಡ. ಒಬ್ಬರ ಹೆಸರಿನ ಲೈಸೆನ್ಸ್ ಎರಡು ಸಿಸ್ಟಂನಲ್ಲಿ ಸೈನ್ ಇನ್ ಆಗಿರಬಹುದು, ಮೂರನೆಯದು ತೆರೆದಾಗ ಮೊದಲಿನವನನ್ನು ಹೊರಗೆ ಹಾಕುತ್ತದೆ, ಅದೂ ಸೇವ್ ಮಾಡುವ ಹೊತ್ತಿಗೆ.

ಕ್ರ್ಯಾಕ್ ಪ್ರತಿಯ ಬಗ್ಗೆ ಎರಡೇ ಮಾತು. ನಕಲಿ ಎಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಎನ್ನುತ್ತದೆ. ಅದಕ್ಕಿಂತ ಬೇಗ ಬರುವ ಶಿಕ್ಷೆ, ಆಂಟಿವೈರಸ್ ಆಫ್ ಮಾಡಿ ಕ್ರ್ಯಾಕ್ ಹಾಕಿದ ಸಿಸ್ಟಂನಲ್ಲೇ ಗಿರಾಕಿಗಳ ಮದುವೆ ಫೋಟೊ, ಸ್ಟುಡಿಯೊದ ಬ್ಯಾಂಕ್ ಲಾಗಿನ್ ಎರಡೂ ಇರುವುದು.

ಬಾಡಿಗೆಗೆ ನ್ಯಾಯ ಇಲ್ಲವೇ ಇಲ್ಲ ಎನ್ನಲಾಗದು. ಬೇಕಾದ ದೃಶ್ಯವನ್ನು ತಾನೇ ರಚಿಸಿ ತುಂಬುವ ಜನರೇಟಿವ್ ಫಿಲ್‌ನಂಥ ಎಐ ಕೆಲಸ ನಡೆಯುವುದು ಕಂಪನಿಯ ಸರ್ವರಿನಲ್ಲಿ. ಪ್ರತಿ ಸಲ ಗುಂಡಿ ಒತ್ತಿದಾಗಲೂ ಅವರಿಗೆ ವಿದ್ಯುತ್ತಿನ ಖರ್ಚಿದೆ, ತಿಂಗಳಿಗೆ ಇಷ್ಟು ಕ್ರೆಡಿಟ್ ಎಂದು ಅಳೆದು ಕೊಡುತ್ತಾರೆ, ಉಳಿದದ್ದು ಮುಂದಿನ ತಿಂಗಳಿಗೆ ಸೇರುವುದಿಲ್ಲ. ಅದಕ್ಕೆ ಬಾಡಿಗೆ ಕೇಳುವುದು ಅರ್ಥವಾಗುತ್ತದೆ. ಕರ್ವ್ಸ್, ಲೆವೆಲ್ಸ್, ಕ್ಲೋನ್ ಸ್ಟ್ಯಾಂಪ್ ಓಡುವುದು ನಮ್ಮ ಮೇಜಿನ ಮೇಲಿನ ಸಿಸ್ಟಂನಲ್ಲಿ, ನಮ್ಮ ಕರೆಂಟ್ ಬಿಲ್ಲಿನಲ್ಲಿ. ಎರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ, ಎಐ ಬೇಡದವನಿಂದಲೂ ಅದರ ಪಾಲು ವಸೂಲು ಮಾಡುವುದನ್ನು ಒಪ್ಪಲಾಗದು.

ಕಡೆಯದಾಗಿ ಹಣ ಕಟ್ಟಾಗುವ ಬಗೆ. ರಿಸರ್ವ್ ಬ್ಯಾಂಕ್ ನಿಯಮ 2021ರ ಅಕ್ಟೋಬರ್ 1ರಿಂದ ಇದೆ: ಕಾರ್ಡಿನಿಂದ ತಾನಾಗಿಯೇ ಕಡಿತವಾಗುವ ಮೊತ್ತಕ್ಕೆ ಕನಿಷ್ಠ 24 ಗಂಟೆ ಮೊದಲು ಬ್ಯಾಂಕ್ ತಿಳಿಸಬೇಕು, 15 ಸಾವಿರ ರೂಪಾಯಿ (2022ರ ಜೂನ್‌ವರೆಗೆ 5 ಸಾವಿರ) ಮೀರಿದರೆ ಪ್ರತಿ ಸಲವೂ ಒಟಿಪಿ ಕೇಳಬೇಕು. ಆ ಸಂದೇಶವನ್ನು ಜಾಹೀರಾತು ಎಂದು ಅಳಿಸಬೇಡಿ, ಬೆಲೆ ಏರಿದ್ದು ಮೊದಲು ಗೊತ್ತಾಗುವುದು ಅಲ್ಲಿಯೇ. ಬ್ಯಾಂಕಿನಲ್ಲೋ ಯುಪಿಐ ಆ್ಯಪ್‌ನಲ್ಲೋ ಆಟೊಪೇ ರದ್ದು ಮಾಡಿದರೆ ಕಡಿತ ನಿಲ್ಲುತ್ತದೆ, ಒಪ್ಪಂದ ಮಾತ್ರ ಜೀವಂತ ಇರುತ್ತದೆ. ಆದ್ದರಿಂದ ಮೊದಲು ಖಾತೆಯೊಳಗೆ ಹೋಗಿ ಪ್ಲ್ಯಾನ್ ರದ್ದು ಮಾಡಿ, ದೃಢೀಕರಣದ ಇಮೇಲ್ ಬಂದ ಮೇಲೆ ಆಟೊಪೇ ತೆಗೆಯಿರಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿಯ 13 ವಂಚಕ ವಿಧಾನಗಳಲ್ಲಿ ರದ್ದತಿಯನ್ನು ಕಷ್ಟ ಮಾಡುವ ಚಂದಾ ಬಲೆಯೂ, ಉಚಿತ ಟ್ರಯಲನ್ನು ಸದ್ದಿಲ್ಲದೆ ಬಿಲ್ಲಿಗೆ ತಿರುಗಿಸುವುದೂ ಸೇರಿವೆ. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಖರೀದಿಸುವ ದಿನದಂದೇ ಬೆಲೆ, ಅವಧಿ ಕಾಣುವ ಪಾವತಿ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದರೆ ದೂರಿಗೆ ಬಲ. ಆಮೇಲೆ ಹುಡುಕಿದರೆ ಆ ಪುಟ ಅದೇ ರೂಪದಲ್ಲಿ ಇರುವುದಿಲ್ಲ.

ತಮ್ಮ ವಿಶ್ವಾಸಿ,
ಫೋಟೊ ಸಂಸ್ಕರಣೆ ವೃತ್ತಿಯ ಓದುಗ
ಶಿವಮೊಗ್ಗ